ಓದಿ ಹೇಳದ ಕಾಗದಕ್ಕೆ ಸಹಿ ಯಾಕೆ?

ದೇಶದಲ್ಲಿ ಮೂರು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದದ್ದು 2024ರ ಜುಲೈ 1ರಂದು. ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದವು. ಕಟ್ಟೆ ಮೇಲೆ ಕುಂತವರ ಬಾಯಲ್ಲೂ ಇದ್ದ ಕಲಮುಗಳು ಬದಲಾದವು. ಕೊಲೆಯ 302 ಈಗ 103 ಆಗಿದೆ. 'ಚಾರ್ ಸೌ ಬೀಸ್' ಅನ್ನೋ ಬೈಗುಳಕ್ಕೆ ಕಾರಣವಾದ 420 ಈಗ 318ರೊಳಗೆ ಸೇರಿದೆ. 2024ರ ಜುಲೈ 1ಕ್ಕಿಂತ ಮೊದಲು ನಡೆದ ಅಪರಾಧಗಳ ವಿಚಾರಣೆ ಮಾತ್ರ ಹಳೆ ಐಪಿಸಿ ಕಲಮುಗಳಡಿಯೇ ನಡೆಯುತ್ತದೆ. ಹಾಗಾಗಿ ಕೋರ್ಟುಗಳಲ್ಲಿ ಇನ್ನೂ ಕೆಲವು ವರ್ಷ ಎರಡೂ ನಂಬರು ಓಡಾಡುತ್ತವೆ. ಇದನ್ನೆಲ್ಲ ವಕೀಲರು, ಪೊಲೀಸರು ಕಲಿಯುತ್ತಿದ್ದಾರೆ, ಕಲಿಯಲೇಬೇಕು.

ಆದರೆ ಜತ್ತ, ಅಕ್ಕಲಕೋಟ, ದಕ್ಷಿಣ ಸೋಲಾಪುರ ತಾಲೂಕುಗಳ ಕನ್ನಡ ಮನೆಗಳಿಗೆ ಕಲಮಿನ ನಂಬರಿಗಿಂತ ದೊಡ್ಡ ಪ್ರಶ್ನೆ ಒಂದಿದೆ. ಅದು ಹಳೇ ಕಾನೂನು ಇದ್ದಾಗಲೂ ಇತ್ತು, ಹೊಸದು ಬಂದ ಮೇಲೂ ಹಾಗೇ ಉಳಿದಿದೆ. ಠಾಣೆಯಲ್ಲಿ ಬರೆದ ಕಾಗದ ಮರಾಠಿಯಲ್ಲಿರುತ್ತದೆ. ಕೋರ್ಟಿನ ಭಾಷೆ ಮರಾಠಿ. ಸಹಿ ಹಾಕುವವರು, ಹೆಬ್ಬೆಟ್ಟು ಒತ್ತುವವರು ಕನ್ನಡದವರು. ಒಳಗೆ ಏನು ಬರೆದಿದೆ ಅಂತ ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳೋರು ಯಾರು?

ಗಡಿ ಯಾವ ಕಡೆ ಇರಬೇಕು ಅನ್ನೋ ವಾದ ಬೇರೆ. ಮಹಾಜನ ವರದಿ 1967ರದು, ಮಹಾರಾಷ್ಟ್ರ ಹಾಕಿದ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಅದರ ತೀರ್ಪು ಬಂದಾಗ ಬರಲಿ. ಆದರೆ ಇವತ್ತು ರಾತ್ರಿ ಠಾಣೆಗೆ ಹೋಗಬೇಕಾದ ಹೆಣ್ಣುಮಗಳು ಆ ತೀರ್ಪಿಗೆ ಕಾಯೋ ಹಾಗಿಲ್ಲ. ಆಕೆಯ ಮಾತು ಆಕೆ ಹೇಳಿದ ಹಾಗೇ ಕಾಗದಕ್ಕೆ ಇಳಿಯಬೇಕು. ಇಲ್ಲಿ ಕೇಳುತ್ತಿರುವುದು ಇಷ್ಟೇ.

ಸಂತಿ ಮರಾಠಿ ಬೇರೆ, ಠಾಣೆ ಮರಾಠಿ ಬೇರೆ

'ಅವರಿಗೆ ಮರಾಠಿ ಬರ್ತದಲ್ರೀ, ಮತ್ತೇನು ತ್ರಾಸು?' ಅನ್ನೋ ಮಾತು ಸಾಮಾನ್ಯ. ನಿಜ, ಗಡಿ ತಾಲೂಕಿನ ಬಹಳ ಜನರಿಗೆ ಮರಾಠಿ ಬರುತ್ತದೆ. ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಾರೆ, ಎಸ್ಟಿ ಬಸ್ಸಿನಲ್ಲಿ ಟಿಕೆಟ್ ಕೇಳುತ್ತಾರೆ, ತಲಾಠಿ ಹತ್ತಿರ ಸಾತಬಾರಾ ಉತಾರ ತೆಗೆಸುತ್ತಾರೆ. ಆದರೆ ಠಾಣೆಯಲ್ಲಿ, ಕೋರ್ಟಿನಲ್ಲಿ ನಡೆಯುವುದು ಬೇರೆ ಮರಾಠಿ. ಅದಖಲಪಾತ್ರ ಗುನ್ಹಾ, ದೋಷಾರೋಪಪತ್ರ, ನ್ಯಾಯಾಲಯೀನ ಕೋಠಡಿ ಇವು ಮರಾಠಿ ಶಾಲೆಯಲ್ಲಿ ಕಲಿತವರಿಗೂ ಗಂಟಲಿಗೆ ಸಿಕ್ಕಿಕೊಳ್ಳುವ ಮಾತುಗಳು. ಮನೆ ಬಿಟ್ಟು ಹೊರಗೆ ಹೆಚ್ಚು ಓಡಾಡದ ಹಿರಿಯ ಹೆಣ್ಣುಮಕ್ಕಳಿಗೆ, ಕರ್ನಾಟಕದ ಇಂಡಿ, ಅಫಜಲಪುರ, ಆಳಂದ, ಅಥಣಿ ಕಡೆಯಿಂದ ಲಗ್ನವಾಗಿ ಬಂದ ಸೊಸೆಯಂದಿರಿಗೆ ಅಷ್ಟು ಮರಾಠಿಯೂ ಇರುವುದಿಲ್ಲ. ಮೇಲಾಗಿ ಹೆದರಿಕೆಯಲ್ಲಿ, ಅಳುವಿನಲ್ಲಿ ಬಾಯಿಗೆ ಬರುವುದು ತಾಯಿ ಕಲಿಸಿದ ಮಾತೇ.

ಇನ್ನೊಂದು ತೊಡಕಿದೆ. ಎರಡೂ ಭಾಷೆ ಬಲ್ಲವರಿಗೇ ಅದು ಸರಿಯಾಗಿ ಕಾಣುತ್ತದೆ. ಕನ್ನಡ, ಮರಾಠಿ ಎರಡರಲ್ಲೂ ಒಂದೇ ಥರ ಕೇಳಿಸುವ ಶಬ್ದಗಳು ಬಹಳ ಇವೆ. ಅರ್ಥ ಮಾತ್ರ ಬೇರೆ.

ಪೆಟ್ಟು ತಿಂದು ಠಾಣೆಗೆ ಬಂದವನನ್ನು 'ಕೇಸ್ ದಾಖಲ್ ಮಾಡೂಣೇನು?' ಅಂತ ಕೇಳಿದರು ಅನ್ನೋಣ. ಅವನು 'ನಂದೇನ್ ತಕರಾರ ಇಲ್ರೀ' ಅಂದ. ಕನ್ನಡದಲ್ಲಿ ಅದರ ಅರ್ಥ, ಮಾಡ್ರಿ, ನನ್ನದೇನೂ ಆಕ್ಷೇಪ ಇಲ್ಲ ಅಂತ. ಮರಾಠಿಯಲ್ಲಿ ತಕ್ರಾರ ಅಂದರೆ ದೂರು. 'ಮಾಝೀ ತಕ್ರಾರ ನಾಹೀ' ಅಂತ ಬರೆದುಬಿಟ್ಟರೆ, ದೂರು ಕೊಡಲು ಬಂದವನೇ ದೂರಿಲ್ಲ ಅಂತ ಹೇಳಿದ ಹಾಗಾಯಿತು.

ಗಂಡನ ಮನೆಯಲ್ಲಿ ಹಿಂಸೆ ಅನುಭವಿಸಿದ ಸೊಸೆ 'ಅತ್ತಿ ಹೊಡೆದ್ಲು' ಅನ್ನುತ್ತಾಳೆ. ಕನ್ನಡದಲ್ಲಿ ಗಂಡನ ತಾಯಿಯೂ ಅತ್ತೆ, ಅಪ್ಪನ ಅಕ್ಕತಂಗಿಯರೂ ಅತ್ತೆ. ಮರಾಠಿ ಕಾಗದದಲ್ಲಿ ಗಂಡನ ತಾಯಿ ಸಾಸೂ, ಅಪ್ಪನ ಅಕ್ಕತಂಗಿ ಆತ್ಯಾ. ಕೇಳಿದ ಕಿವಿಗೆ ಅತ್ತಿ ಅನ್ನೋದು ಆತ್ಯಾ ಆದರೆ ಆರೋಪ ಯಾರ ಮೇಲೆ ಹೋಯಿತು? ಮಾವ ಅನ್ನೋದೂ ಹಾಗೇ. ಮರಾಠಿಯಲ್ಲಿ ಸಾಸರಾ ಬೇರೆ, ಮಾಮಾ ಬೇರೆ. ಸೋದರಮಾವನ ಮನೆಗೇ ಹೆಣ್ಣು ಕೊಡುವ ರೂಢಿ ಇರುವ ಸೀಮೆಯಲ್ಲಿ ಇದನ್ನು ಎರಡು ಸಲ ಕೇಳಿ ಬರೆಯದಿದ್ದರೆ ಗೊಂದಲ ಖಂಡಿತ. ಹಳೆ 498ಎ ಕಲಮು ಈಗ ನ್ಯಾಯ ಸಂಹಿತೆಯ 85ನೇ ಕಲಮು. ನಂಬರು ಬದಲಾದರೂ ಅತ್ತೆ ಯಾರು ಅನ್ನೋ ಪ್ರಶ್ನೆ ಬದಲಾಗಿಲ್ಲ.

ಕಳವಾದ ಮನೆಯವರು 'ನಮ್ಮನಿ ದರೋಡಿ ಆತ್ರೀ' ಅಂತ ಬಾಯಿ ಬಡಿದುಕೊಳ್ಳುತ್ತಾರೆ. ಆಡುಮಾತಿನಲ್ಲಿ ಯಾವ ದೊಡ್ಡ ಕಳವೂ ದರೋಡೆಯೇ. ಕಾನೂನಿನಲ್ಲಿ ದರೋಡೆ ಆಗಬೇಕಾದರೆ ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಸುಲಿಗೆ ಮಾಡಿರಬೇಕು ಇಲ್ಲವೇ ಮಾಡಲು ಯತ್ನಿಸಿರಬೇಕು. ಕಳವು, ಸುಲಿಗೆ, ದರೋಡೆ ಮೂರಕ್ಕೂ ಕಲಮು ಬೇರೆ, ಶಿಕ್ಷೆ ಬೇರೆ. 'ಅವರು ಹೊಡೆದರು' ಅಂದರೆ ಕನ್ನಡದಲ್ಲಿ ಮರ್ಯಾದೆ ಕೊಟ್ಟು ಹೇಳಿದ ಒಬ್ಬನೂ ಆಗಬಹುದು, ಹತ್ತು ಮಂದಿಯೂ ಆಗಬಹುದು. ಎಷ್ಟು ಜನ ಅಂತ ಬಿಡಿಸಿ ಕೇಳದೆ ಬರೆದುಕೊಂಡರೆ ಒಬ್ಬನ ತಪ್ಪು ಗುಂಪಿನ ತಪ್ಪಾಗುತ್ತದೆ.

ಇನ್ನು ಕೋಠಡಿ. ಮರಾಠಿಯಲ್ಲಿ ಪೊಲೀಸ್ ಕೋಠಡಿ ಅಂದರೆ ಪೊಲೀಸ್ ಕಸ್ಟಡಿ. ಕನ್ನಡದ ಕಿವಿಗೆ ಅದು ಬರೀ ಖೋಲಿ. 'ಮಗನ್ನ ಕೋಠಡ್ಯಾಗ ಇಟ್ಟಾರಂತ, ಸಂಜೀಕ ಬಿಡಬಹುದು' ಅಂತ ತಾಯಿ ಬುತ್ತಿ ಕಟ್ಟಿಕೊಂಡು ಠಾಣೆ ಮುಂದೆ ಕೂಡಬಹುದು. ಅಷ್ಟರಲ್ಲಿ ಮ್ಯಾಜಿಸ್ಟ್ರೇಟರು ಕಸ್ಟಡಿ ಆದೇಶ ಕೊಟ್ಟಾಗಿರುತ್ತದೆ. ಸಾಕ್ಷಿ ಮಾತು ಬದಲಿಸಿದರೆ ಮರಾಠಿಯಲ್ಲಿ ಫಿತೂರ ಸಾಕ್ಷೀದಾರ ಅನ್ನುತ್ತಾರೆ. ಕನ್ನಡದವನಿಗೆ ಅದು ಪಿತೂರಿ, ಅಂದರೆ ಒಳಸಂಚು ಮಾಡಿದವನು ಅಂತ ಕೇಳುತ್ತದೆ. ಇಂಥ ಒಂದೊಂದು ಶಬ್ದವೂ ಒಂದೊಂದು ಮನೆಯ ನೆಮ್ಮದಿ ಕೆಡಿಸಬಲ್ಲದು.

ಕಾನೂನಿನಲ್ಲಿ ಹಕ್ಕು ಇದೆ

ಹಾಗಾದರೆ ಕಾನೂನು ಏನನ್ನುತ್ತದೆ? ಇಲ್ಲಿ ಒಂದು ಸಮಾಧಾನದ ಸಂಗತಿ ಇದೆ. ಇದು ಯಾರೂ ಹೊಸದಾಗಿ ಕೊಡಬೇಕಾದ ಉಪಕಾರ ಅಲ್ಲ. ಹಕ್ಕು ಪುಸ್ತಕದಲ್ಲಿ ಬರೆದೇ ಇದೆ.

ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಬಾಯಿಮಾತಿನಲ್ಲಿ ಕೊಟ್ಟ ಫಿರ್ಯಾದನ್ನು ಬರೆದುಕೊಂಡು, ಕೊಟ್ಟವರಿಗೆ ಓದಿ ಹೇಳಿ, ಆಮೇಲೆ ಸಹಿ ಪಡೆಯಬೇಕು. ಎಫ್‌ಐಆರ್ ನಕಲನ್ನು ಒಂದು ಪೈಸೆ ತೆಗೆದುಕೊಳ್ಳದೆ ಕೊಡಬೇಕು. ಓದಿ ಹೇಳುವುದರ ಉದ್ದೇಶ ತಿಳಿಸುವುದು. ತಿಳಿಯದ ಭಾಷೆಯಲ್ಲಿ ಗಡಗಡ ಓದಿದರೆ ಓದಿದ ಶಾಸ್ತ್ರ ಮುಗಿಯುತ್ತದೆ, ತಿಳಿಸಿದ ಹಾಗೆ ಆಗುವುದಿಲ್ಲ.

ಕೋರ್ಟಿನ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟ. ಸಾಕ್ಷಿ ಕೋರ್ಟಿನದಲ್ಲದ ಭಾಷೆಯಲ್ಲಿ ಮಾತಾಡಿದರೆ, ಸಾಧ್ಯವಿದ್ದಲ್ಲಿ ಅದೇ ಭಾಷೆಯಲ್ಲಿ ಬರೆದುಕೊಳ್ಳಬಹುದು. ಆಗದಿದ್ದರೆ ಅಲ್ಲಿಯೇ ಸರಿಯಾದ ಅನುವಾದ ಸಿದ್ಧವಾಗಬೇಕು ಅನ್ನುತ್ತದೆ 312ನೇ ಕಲಮು. ಬರೆದ ಭಾಷೆ ಸಾಕ್ಷಿಗೆ ತಿಳಿಯದಿದ್ದರೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಅನ್ನುತ್ತದೆ 313. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ, ಅವನು ಕೋರ್ಟಿನಲ್ಲಿ ಹಾಜರಿದ್ದರೆ, ತೆರೆದ ಕೋರ್ಟಿನಲ್ಲೇ ಅವನ ಭಾಷೆಯಲ್ಲಿ ಹೇಳಬೇಕು ಅನ್ನುತ್ತದೆ 314. ದುಭಾಷಿ ಇದ್ದದ್ದನ್ನು ಇದ್ದ ಹಾಗೇ ಹೇಳಲು ಬದ್ಧನು ಅನ್ನುತ್ತದೆ 317. ಇವು ಹಳೆ ಸಿಆರ್‌ಪಿಸಿಯಲ್ಲೂ 277ರಿಂದ 282ರವರೆಗಿನ ಕಲಮುಗಳಲ್ಲಿ ಇದ್ದವೇ. ಕೇಳಿದವರು ಕಡಿಮೆ.

ಬಹಳ ಮಂದಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಶಿಕ್ಷೆಯಾದವನು ಅರ್ಜಿ ಕೊಟ್ಟರೆ, ಸಾಧ್ಯವಿದ್ದಲ್ಲಿ ತೀರ್ಪಿನ ಅನುವಾದವನ್ನು ಅವನ ಸ್ವಂತ ಭಾಷೆಯಲ್ಲೇ ಕೊಡಬೇಕು ಅಂತ 404ನೇ ಕಲಮಿನಲ್ಲಿದೆ. ಮೇಲ್ಮನವಿಗೆ ಅವಕಾಶವಿರುವ ಕೇಸಾದರೆ ಅದಕ್ಕೆ ದುಡ್ಡೂ ಇಲ್ಲ. ಜೈಲಿನಲ್ಲಿರುವ ಮಗನಿಗೆ ಯಾವ ಕಾರಣಕ್ಕೆ ಶಿಕ್ಷೆಯಾಯಿತು ಅಂತ ಮನೆಯವರು ಕನ್ನಡದಲ್ಲೇ ಓದಿ ತಿಳಿದುಕೊಳ್ಳಲು ಈ ದಾರಿ ಇದೆ.

ಸುಪ್ರೀಂ ಕೋರ್ಟು ಹೇಳಿದ್ದು

ಬಂಧನದ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಮಾತು ಹಳೆಯದು. 1962ರಲ್ಲಿ ಹರಿಕಿಸನ್ ವಿರುದ್ಧ ಮಹಾರಾಷ್ಟ್ರ ಸರ್ಕಾರ ಪ್ರಕರಣ ಬಂತು. ಮುಂಜಾಗ್ರತೆಗಾಗಿ ಬಂಧಿಸಿದವನಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ನನಗೆ ಇಂಗ್ಲಿಷ್ ಬರುವುದಿಲ್ಲ, ಹಿಂದಿಯಲ್ಲಿ ಕೊಡಿ ಅಂತ ಅವನು ಕೇಳಿದ್ದ. ಇಂಗ್ಲಿಷ್ ಸರ್ಕಾರಿ ಭಾಷೆ, ಬಾಯಿಮಾತಿನಲ್ಲಿ ವಿವರಿಸಿದ್ದೇವೆ ಅನ್ನೋ ವಾದ ನಿಲ್ಲಲಿಲ್ಲ. ತಿಳಿಯುವ ಭಾಷೆಯಲ್ಲಿ ಕೊಡದಿದ್ದರೆ ಕೊಟ್ಟ ಹಾಗೇ ಅಲ್ಲ ಅಂತ ಸಂವಿಧಾನ ಪೀಠ ಹೇಳಿತು.

ಈಚೆಗೆ ಈ ಮಾತು ಸಾಮಾನ್ಯ ಬಂಧನಕ್ಕೂ ಬಂದಿದೆ. 2025ರ ಫೆಬ್ರುವರಿ 7ರಂದು ವಿಹಾನ್ ಕುಮಾರ್ ಪ್ರಕರಣದಲ್ಲಿ, ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲೇ ತಿಳಿಸಬೇಕು ಅಂತ ಕೋರ್ಟು ಹೇಳಿತು. ಅದೇ ವರ್ಷ ನವೆಂಬರ್ 6ರಂದು ಮಿಹಿರ್ ರಾಜೇಶ್ ಶಾಹ ವಿರುದ್ಧ ಮಹಾರಾಷ್ಟ್ರ ಸರ್ಕಾರ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಯಾವ ಅಪರಾಧವೇ ಇರಲಿ, ಬಂಧನದ ಕಾರಣಗಳನ್ನು ಬರವಣಿಗೆಯಲ್ಲಿ, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಬಂಧಿಸುವ ಹೊತ್ತಿಗೆ ಬರೆದು ಕೊಡಲು ಆಗದಿದ್ದರೆ ಆಗ ಬಾಯಿಮಾತಿನಲ್ಲಿ ತಿಳಿಸಬೇಕು. ಆಮೇಲೆ, ರಿಮಾಂಡಿಗಾಗಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ತಾಸು ಮೊದಲು ಬರವಣಿಗೆಯಲ್ಲಿ ಕೊಡಲೇಬೇಕು. ಕೊಡದಿದ್ದರೆ ಬಂಧನವೂ ಆಮೇಲಿನ ರಿಮಾಂಡೂ ಕಾನೂನುಬಾಹಿರವಾಗುತ್ತವೆ.

ಈ ತೀರ್ಪು ಮಹಾರಾಷ್ಟ್ರದ್ದೇ ಪ್ರಕರಣದಲ್ಲಿ ಬಂದದ್ದು. ಉಮದಿ, ಮಂದ್ರೂಪ, ವಳಸಂಗ, ಅಕ್ಕಲಕೋಟ ಠಾಣೆಗಳಿಗೂ ಲಾಗೂ ಆಗುತ್ತದೆ. ಅಂದರೆ ಕನ್ನಡ ಮಾತ್ರ ಬಲ್ಲ ಒಬ್ಬನನ್ನು ಇಲ್ಲಿ ಬಂಧಿಸಿದರೆ ಕಾರಣಗಳನ್ನು ಕನ್ನಡದಲ್ಲಿ ಬರೆದು ಕೊಡಬೇಕಾಗುತ್ತದೆ. ಆ ಕಾಗದವನ್ನು ಬರೆಯುವವರು ಯಾರು? ರಾತ್ರಿ ಹನ್ನೊಂದಕ್ಕೆ ಬಂಧಿಸಿ ಬೆಳಿಗ್ಗೆ ಕೋರ್ಟಿಗೆ ಒಯ್ಯಬೇಕಾದ ಫೌಜದಾರರು ಕನ್ನಡ ಬರೆಯುವವರನ್ನು ಎಲ್ಲಿಂದ ತರಬೇಕು? ಇಲ್ಲಿ ಬರೀ ಪೊಲೀಸರನ್ನು ದೂರಿ ಪ್ರಯೋಜನವಿಲ್ಲ. ಕೆಲಸ ಹೇಳಿದ ಮೇಲೆ ಕೈಗೆ ಸಲಕರಣೆಯನ್ನೂ ಕೊಡಬೇಕಾಗುತ್ತದೆ.

ಹಕ್ಕು ಇದೆ, ದುಭಾಷಿ ಇಲ್ಲ

ಅನುವಾದ ಆಗಬೇಕು ಅಂತ ಕಾನೂನು ಹೇಳುತ್ತದೆ. ಮಾಡುವವರನ್ನು ಎಲ್ಲಿಂದ ತರಬೇಕು, ಅವರಿಗೆ ಪಗಾರ ಯಾರು ಕೊಡಬೇಕು ಅಂತ ಹೇಳುವುದಿಲ್ಲ. ಕೆಲವು ಗಂಭೀರ ಅಪರಾಧಗಳಲ್ಲಿ ಅಂಗವಿಕಲ ಮಹಿಳೆಯ ಫಿರ್ಯಾದು ಬರೆದುಕೊಳ್ಳುವಾಗ ದುಭಾಷಿ ಅಥವಾ ವಿಶೇಷ ಶಿಕ್ಷಕರು ಇರಬೇಕು ಅಂತ 173ನೇ ಕಲಮು ಹೇಳುತ್ತದೆ. ಇದು ಒಳ್ಳೆಯದೇ. ಆದರೆ ಭಾಷೆ ಬರದ ಮಹಿಳೆಗೆ ಅಂಥ ವ್ಯವಸ್ಥೆ ಆ ಕಲಮಿನಲ್ಲಿ ಕಾಣುವುದಿಲ್ಲ. ಸಿಕ್ಕವರೇ ದುಭಾಷಿ. ಠಾಣೆಗೆ ಬೇರೆ ಕೆಲಸಕ್ಕೆ ಬಂದವರು, ಎದುರು ಚಹಾದಂಗಡಿಯವರು, ಕೆಲವು ಸಲ ಎದುರಾಳಿ ಕಡೆಯ ಸಂಬಂಧಿಕರೇ. ಮಾನ ಹೋದ ಹೆಣ್ಣುಮಗಳು ತನ್ನ ಸಂಕಟವನ್ನು ಊರ ಗಂಡಸೊಬ್ಬನ ಬಾಯಿಂದ ಹೇಳಿಸಬೇಕಾದರೆ ಎಷ್ಟು ಹೇಳಿಯಾಳು, ಎಷ್ಟು ನುಂಗಿಯಾಳು?

ಹೊಸ ಕಾನೂನು ಎಲ್ಲದಕ್ಕೂ ಗಡುವು ಹಾಕಿದೆ. ಆರೋಪಿ ಹಾಜರಾದ 14 ದಿನದೊಳಗೆ ದಾಖಲೆಗಳ ನಕಲು ಕೊಡಬೇಕು. ತನಿಖೆ ಎಲ್ಲಿಗೆ ಬಂತು ಅಂತ ಫಿರ್ಯಾದಿಗೆ ಅಥವಾ ಸಂತ್ರಸ್ತರಿಗೆ 90 ದಿನದೊಳಗೆ ತಿಳಿಸಬೇಕು, ಮೊಬೈಲ್ ಸಂದೇಶದಿಂದಲೂ ತಿಳಿಸಬಹುದು. ವಾದ ಮುಗಿದ 30 ದಿನದೊಳಗೆ, ಕಾರಣವಿದ್ದರೆ 45 ದಿನದೊಳಗೆ ಸೆಷನ್ಸ್ ಕೇಸಿನ ತೀರ್ಪು ಬರಬೇಕು. ವರ್ಷಗಟ್ಟಲೆ ತಾರೀಖಿಗೆ ಅಲೆದವರಿಗೆ ಇದು ಖುಷಿಯ ಸುದ್ದಿ. ಆದರೆ ಆ ನಕಲು, ಆ ಸಂದೇಶ ಯಾವ ಭಾಷೆಯಲ್ಲಿರಬೇಕು ಅನ್ನೋ ಮಾತು ಅಲ್ಲಿಲ್ಲ. ಮೊದಲು ತಡವಾದರೂ ಯಾರನ್ನಾದರೂ ಹಿಡಿದು ಓದಿಸಿಕೊಳ್ಳಲು ಪುರುಸೊತ್ತು ಇರುತ್ತಿತ್ತು. ಈಗ ಗಡುವು ಓಡುತ್ತದೆ, ತಿಳಿಯದವನು ಹಿಂದೆ ಬೀಳುತ್ತಾನೆ.

ಗಡಿ ದಾಟುವ ಕೇಸುಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಫಿರ್ಯಾದು ಕೊಡಬಹುದು. ಇದನ್ನೇ ಜೀರೋ ಎಫ್‌ಐಆರ್ ಅನ್ನುತ್ತಾರೆ, ಈಗ ಅದು ಕಾನೂನಿನಲ್ಲೇ ಸೇರಿದೆ. ಅಕ್ಕಲಕೋಟ ತಾಲೂಕಿನಲ್ಲಿ ಪೆಟ್ಟು ತಿಂದು ಆಳಂದದ ತವರಿಗೆ ಹೋದವಳು ಅಲ್ಲಿಯ ಠಾಣೆಯಲ್ಲೇ ಕನ್ನಡದಲ್ಲಿ ಫಿರ್ಯಾದು ಕೊಡಬಹುದು. ಅಲ್ಲಿಂದ ಕಾಗದ ಗಡಿ ದಾಟಿ ಮಹಾರಾಷ್ಟ್ರದ ಠಾಣೆಗೆ ಬರುತ್ತದೆ. ಅಲ್ಲಿ ಕನ್ನಡ ಓದುವವರಿಲ್ಲದಿದ್ದರೆ ತನಿಖೆ ಶುರುವಾಗುವುದು ಯಾವಾಗ?

ಹೈಕೋರ್ಟು ಮಾತ್ರ ಹತ್ತಿರ ಬಂದಿದೆ. ಬಾಂಬೆ ಹೈಕೋರ್ಟಿನ ಕೊಲ್ಹಾಪುರ ಸಂಚಾರಿ ಪೀಠ 2025ರ ಆಗಸ್ಟ್ 18ರಿಂದ ಕೆಲಸ ಶುರು ಮಾಡಿದೆ. ಸೋಲಾಪುರ, ಸಾಂಗಲಿ ಜಿಲ್ಲೆಗಳು ಅದರ ವ್ಯಾಪ್ತಿಗೆ ಬರುತ್ತವೆ. ಮುಂಬೈವರೆಗೆ ಓಡುವ ಖರ್ಚು ತಪ್ಪಿತು. ದಾರಿ ಕಡಿಮೆಯಾದ ಹಾಗೆ ಭಾಷೆಯ ದೂರವೂ ಕಡಿಮೆಯಾಗಬೇಡವೇ? ಹೈಕೋರ್ಟಿನಲ್ಲಿ ಕಾಗದ ಇಂಗ್ಲಿಷಾಗುತ್ತದೆ. ಠಾಣೆಯಲ್ಲಿ ಕನ್ನಡದಿಂದ ಮರಾಠಿಗೆ ಬಂದಾಗ ಆದ ತಪ್ಪು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ.

ಇದು ಆರೋಪಿಗೆ ಮಾತ್ರ ಉಪಕಾರವೇ?

'ಕಳ್ಳರಿಗೆ, ಗೂಂಡಾಗಳಿಗೆ ಇಷ್ಟೆಲ್ಲ ಸವಲತ್ತು ಯಾಕ?' ಅಂತ ಕೇಳುವವರಿದ್ದಾರೆ. ಗೊತ್ತಿದ್ದೂ ಗೊತ್ತಿಲ್ಲ ಅಂತ ನಾಟಕ ಮಾಡಿ ಕೇಸು ಎಳೆಯುವವರು ಇರಬಹುದು ಅನ್ನೋ ಅನುಮಾನವೂ ಸುಳ್ಳಲ್ಲ. ಆದರೆ ಲೆಕ್ಕ ಹಾಕಿ ನೋಡಬೇಕು. ತಿಳಿಯುವ ಭಾಷೆಯಲ್ಲಿ ಕಾರಣ ಕೊಡಲಿಲ್ಲ ಅಂತ ಬಂಧನ ರದ್ದಾದರೆ ನಷ್ಟ ಯಾರಿಗೆ? ನಿಜವಾಗಿ ಪೆಟ್ಟು ತಿಂದ ಮನೆಗೆ. ಒಂದು ಹಾಳೆ ಅನುವಾದ ಉಳಿಸಲು ಹೋಗಿ ಕೇಸೇ ಸಡಿಲಾಗುತ್ತದೆ.

ಪಂಚನಾಮೆಯೂ ಅಷ್ಟೇ. ಹೊಸ ಸಂಹಿತೆಯ 105ನೇ ಕಲಮಿನ ಪ್ರಕಾರ ಝಡತಿ, ಜಪ್ತಿಗಳನ್ನು ಮೊಬೈಲಿನಲ್ಲಾದರೂ ವಿಡಿಯೋ ಮಾಡಬೇಕು. ಆದರೂ ಪಂಚರ ಸಹಿ ಬೇಕೇ ಬೇಕು. ಊರಿನ ಇಬ್ಬರನ್ನು ಕರೆದು ಮರಾಠಿ ಹಾಳೆ ಮೇಲೆ ಸಹಿ ಮಾಡಿಸುತ್ತಾರೆ. ವರ್ಷದ ಮೇಲೆ ಕೋರ್ಟಿನಲ್ಲಿ 'ಸಹಿ ನಂದs ಐತ್ರೀ, ಆದ್ರ ಏನ್ ಬರದಿದ್ರೋ ಗೊತ್ತಿಲ್ಲ' ಅಂತ ಪಂಚ ಹೇಳುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆದರೂ ಅವನ ಹೆಸರಿಗೆ ಫಿತೂರ ಅನ್ನೋ ಪಟ್ಟ, ಕೇಸಿಗೆ ಒಂದು ತೂತು. ಕನ್ನಡದಲ್ಲಿ ನಾಲ್ಕು ಸಾಲು ಓದಿ ಹೇಳಿದ್ದರೆ ಇದಿಷ್ಟೂ ತಪ್ಪುತ್ತಿತ್ತು.

ಈ ಮಾತು ಕನ್ನಡಿಗರಿಗಷ್ಟೇ ಅಲ್ಲ. ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆ ಮರಾಠಿ ಮಾತಾಡುವ ಮುದುಕಿ ಕನ್ನಡದಲ್ಲಿ ಬರೆದ ಹೇಳಿಕೆ ಮುಂದೆ ಕೂತಾಗ ಆಕೆಗೂ ಇದೇ ಕಷ್ಟ, ಇದೇ ಹಕ್ಕು. ಗಡಿಯ ಈ ಕಡೆ ಕೇಳುವ ನ್ಯಾಯವನ್ನು ಆ ಕಡೆಯವರಿಗೆ ಕೊಡುವುದಿಲ್ಲ ಅಂದರೆ ಅದು ನ್ಯಾಯವಲ್ಲ, ಹಟ.

ಏನು ಆಗಬೇಕು?

ಮೊದಲು ಆಗಬೇಕಾದ್ದು ದೊಡ್ಡ ಕೆಲಸವೇನೂ ಅಲ್ಲ. ಸೋಲಾಪುರ, ಸಾಂಗಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ತಾಲೂಕುವಾರು ಕನ್ನಡ-ಮರಾಠಿ ದುಭಾಷಿಗಳ ಯಾದಿ ಮಾಡಬೇಕು. ಜನ ಇಲ್ಲ ಅನ್ನೋ ಹಾಗಿಲ್ಲ. ಗಡಿ ತಾಲೂಕುಗಳಲ್ಲಿ ಕನ್ನಡ ಶಾಲೆಗಳಿವೆ, ನಿವೃತ್ತ ಮಾಸ್ತರರಿದ್ದಾರೆ, ಎರಡೂ ಭಾಷೆ ಓದಿ ಬರೆಯಬಲ್ಲ ಪದವೀಧರ ಹುಡುಗ ಹುಡುಗಿಯರು ಕೆಲಸವಿಲ್ಲದೆ ಕೂತಿದ್ದಾರೆ. ಅವರಿಗೆ ಒಂದು ವಾರದ ತರಬೇತಿ, ಬಂದ ದಿನಕ್ಕೆ ಭತ್ಯೆ ಕೊಟ್ಟರೆ ಸಾಕು. ಯಾದಿಯಲ್ಲಿ ಹೆಣ್ಣುಮಕ್ಕಳು ಇರಲೇಬೇಕು. ಯಾದಿಯನ್ನು ಠಾಣೆಯ ಗೋಡೆಗೆ ಎರಡೂ ಭಾಷೆಯಲ್ಲಿ ಅಂಟಿಸಬೇಕು.

ಎರಡನೆಯದು, ಬಂಧನದ ಕಾರಣ ತಿಳಿಸುವ ಹಾಳೆಯನ್ನು ಒಂದು ಬದಿ ಮರಾಠಿ, ಒಂದು ಬದಿ ಕನ್ನಡದಲ್ಲಿ ಛಾಪಿಸಿ ಗಡಿ ಠಾಣೆಗಳಿಗೆ ಕೊಡಬೇಕು. ಕಲಮು, ಹಕ್ಕು, ಜಾಮೀನಿನ ಮಾತು ಮೊದಲೇ ಅಚ್ಚಾಗಿದ್ದರೆ ಘಟನೆಯ ನಾಲ್ಕು ಸಾಲು ತುಂಬಿದರೆ ಮುಗಿಯಿತು. ಗಡಿ ಠಾಣೆಗೆ ಒಬ್ಬರಾದರೂ ಕನ್ನಡ ಓದಬಲ್ಲ ಪೊಲೀಸರನ್ನು ಹಾಕುವುದು ಬದಲಿಯ ಹೊತ್ತಿನಲ್ಲಿ ನೋಡಿ ಮಾಡುವ ಕೆಲಸ.

ಮೂರನೆಯದು ಬೆಂಗಳೂರಿಗೆ. ಗಡಿನಾಡ ಕನ್ನಡಿಗರಿಗಾಗಿ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಅಂತ ಒಂದಿದೆ. ಉತ್ಸವ, ಸಮ್ಮೇಳನ, ಭವನ ಆಗಲಿ. ಅದರ ಜೊತೆಗೆ ಹೊಸ ಕಾನೂನಿನ ಶಬ್ದಗಳ ಒಂದು ಸಣ್ಣ ಕನ್ನಡ-ಮರಾಠಿ ಕೈಪಿಡಿ ಬರಲಿ. ಮುಖಂಡರ ಫೋಟೋ ಇಲ್ಲದಿದ್ದರೂ ನಡೆಯುತ್ತದೆ, ತಕರಾರು ಬೇರೆ ತಕ್ರಾರ ಬೇರೆ ಅಂತ ಅದರಲ್ಲಿ ಇರಲಿ. ಕೇರಳದ ರಾಜಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರ್ಕಾರಿ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಲು ಅವಕಾಶ ಬರೆದಿದ್ದಾರೆ. ಕಾಸರಗೋಡಿನಲ್ಲಿ ಅದು ಎಷ್ಟು ನಡೆಯುತ್ತದೆ ಅನ್ನೋ ಜಗಳ ಇದ್ದೇ ಇದೆ, ಆದರೆ ಜಗಳ ಮಾಡಲು ಒಂದು ಕಾಗದವಾದರೂ ಇದೆ. ಮಹಾರಾಷ್ಟ್ರದ ಗಡಿ ತಾಲೂಕುಗಳಿಗೂ ಅಂಥದೊಂದು ನಿಯಮ ಕೇಳುವುದು ತಪ್ಪಲ್ಲ.

ಮನೆಯವರು ಮಾಡಬೇಕಾದ್ದು

ಸರ್ಕಾರ ಮಾಡುವವರೆಗೆ ಕೈಕಟ್ಟಿ ಕೂಡಬೇಕಿಲ್ಲ. ಕೇಳಿದವರಿಗೇ ಹಕ್ಕು ಸಿಗುವುದು. ಫಿರ್ಯಾದಿಗೆ ಸಹಿ ಹಾಕುವ ಮೊದಲು 'ಕನ್ನಡದಾಗ ತಿಳಿಸಿ ಹೇಳ್ರಿ' ಅಂತ ಗಟ್ಟಿಯಾಗಿ ಕೇಳಬೇಕು. ತಪ್ಪಿದ್ದರೆ ಅಲ್ಲಿಯೇ ತಿದ್ದಿಸಬೇಕು. ಸಹಿ ಪಕ್ಕದಲ್ಲಿ 'ನನಗೆ ಕನ್ನಡದಲ್ಲಿ ಓದಿ ಹೇಳಿದ್ದಾರೆ' ಅಥವಾ 'ಓದಿ ಹೇಳಿಲ್ಲ' ಅಂತ ಸ್ವಂತ ಕೈಯಲ್ಲಿ ಕನ್ನಡದಲ್ಲೇ ಬರೆಯಬಹುದು. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ, ಅಂದರೆ ಜಬಾಬಿಗೆ, ಸಹಿ ಪಡೆಯುವಂತಿಲ್ಲ ಅಂತ 181ನೇ ಕಲಮೇ ಹೇಳುತ್ತದೆ. ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು ಸಾಕ್ಷಿ ಹೇಳಲು ಠಾಣೆಗೆ ಬರಲೇಬೇಕು ಅಂತ ಕರೆಯುವ ಹಾಗಿಲ್ಲ. ಪೊಲೀಸರು ಅವರು ಇರುವ ಮನೆಗೇ ಬರಬೇಕು.

ಬಂಧಿತನನ್ನು ಮೊದಲ ಸಲ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗ, ಕಾರಣಗಳು ತಿಳಿಯುವ ಭಾಷೆಯಲ್ಲಿ ಸಿಕ್ಕಿಲ್ಲ ಅಂತ ಅವನೋ ವಕೀಲರೋ ಆಗಲೇ ಹೇಳಬೇಕು. ಆಮೇಲೆ ಹೇಳಿದರೆ ತೂಕ ಕಡಿಮೆ. ವಕೀಲರಿಗೆ ದುಡ್ಡಿಲ್ಲ ಅಂತ ಹೆದರಬೇಕಿಲ್ಲ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಸ್ಟಡಿಯಲ್ಲಿರುವವರು ಇವರಿಗೆಲ್ಲ ಉತ್ಪನ್ನ ಎಷ್ಟೇ ಇದ್ದರೂ ಪುಕ್ಕಟೆ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹಾಗೆ ಹೇಳುತ್ತದೆ. ಸಹಾಯವಾಣಿ ನಂಬರು 15100. ಅಧಿಕಾರಿಗಳಿಗೆ ಕೊಡುವ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕನ್ನಡ ಈ ರಾಜ್ಯದಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿರುವ ಭಾಷೆ.

ಅಪ್ಪ ಅಜ್ಜಂದಿರ ಕಾಲದಲ್ಲಿ ಸಾಹುಕಾರನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆ ಗಡಿ ಊರುಗಳಲ್ಲಿ ಇನ್ನೂ ಹೇಳುತ್ತಾರೆ. ಕ್ರಿಮಿನಲ್ ಕೇಸಿನ ಕಾಗದದಲ್ಲಿ ಹೋಗುವುದು ಹೊಲವಲ್ಲ, ಮನುಷ್ಯನ ಆಯುಷ್ಯ. ಜಿಲ್ಲಾ ನ್ಯಾಯಾಧೀಶರು, ಪೊಲೀಸ್ ಅಧೀಕ್ಷಕರು, ವಕೀಲರ ಸಂಘದವರು ಒಂದು ದಿನ ಒಟ್ಟಿಗೆ ಕೂತರೆ ದುಭಾಷಿಗಳ ಯಾದಿ ಸಿದ್ಧವಾಗುತ್ತದೆ. ಅದಾಗುವವರೆಗೆ ಗಡಿನಾಡ ಮನೆಗಳಲ್ಲಿ ಒಂದೇ ನೇಮ ಇರಲಿ: ಓದಿ ಹೇಳಿದ ಮೇಲೆ ಸಹಿ, ತಿಳಿದ ಮೇಲೆ ಹೆಬ್ಬೆಟ್ಟು.